ಎತ್ತರದ ಚಿಮಣಿ, ದೂರದ ಸರೋವರ

(ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲ ಒಲೆಯ ಹೊಗೆಯದು ನಿತ್ಯದ ರಗಳೆ. ಹಸಿ ಸೌದೆಯನ್ನೋ ತೆಂಗಿನ ಮಟ್ಟೆಯನ್ನೋ ಹಾಕಿ ಉರಿ ಮಾಡಿದರೆ ಹೊಗೆ ನೇರವಾಗಿ ಅಡುಗೆ ಮನೆಗೇ ನುಗ್ಗುತ್ತಿತ್ತು. ಕೊನೆಗೆ ಬೇಸತ್ತ ಯಜಮಾನರು ಒಂದು ತಗಡಿನ ಕೊಳವೆ ತಂದು ಮಾಡಿನ ಮೇಲಕ್ಕೆ ಏರಿಸುತ್ತಿದ್ದರು. ಮನೆಯೊಳಗಿನ ಹೊಗೆ ಹೋಯಿತು, ಎಲ್ಲರಿಗೂ ಸಮಾಧಾನ. ಆದರೆ ನಾಲ್ಕು ದಿನ ಕಳೆಯುವಷ್ಟರಲ್ಲಿ ಪಕ್ಕದ ಮನೆಯವರು ಬಂದು, "ನಿಮ್ಮ ಒಲೆಯ ಮಸಿಯೆಲ್ಲ ನಾವು ಒಣಹಾಕಿದ ಹಪ್ಪಳದ ಮೇಲೆ ಬೀಳುತ್ತಿದೆಯಲ್ಲ, ಏನು ಮಾಡೋಣ?" ಎಂದು ಕೇಳುತ್ತಿದ್ದರು.

ಕೈಗಾರಿಕಾ ಪ್ರದೇಶಗಳ ವಾಯುಮಾಲಿನ್ಯದ ಚರಿತ್ರೆಯೂ ಬಹುಮಟ್ಟಿಗೆ ಈ ಹಪ್ಪಳದ ಜಗಳದ ಚರಿತ್ರೆಯೇ. ಹೊಗೆಯನ್ನು ಹಿಡಿಯುವುದು ಕಷ್ಟ, ಕೊಳವೆಯನ್ನು ಎತ್ತರಿಸುವುದು ಸುಲಭ. ಎತ್ತರಿಸಿದರೆ ಹೊಗೆ ನಮ್ಮ ಕಣ್ಣಿನಿಂದ ಮರೆಯಾಗುತ್ತದೆ. ಹಾಗೆ ಮರೆಯಾದದ್ದು ಇಲ್ಲವಾಯಿತು ಎಂದುಕೊಳ್ಳುವುದು ಮನುಷ್ಯನ ಹಳೆಯ ತಪ್ಪು. ಈ ತಪ್ಪನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ, ಅದರ ಫಲವನ್ನು ಉಂಡು, ಅನಂತರ ತಿದ್ದಿಕೊಂಡ ಒಂದು ಊರಿನ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದು ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಸಡ್ಬರಿ.

ಒಂದು ಹಳೆಯ ಪಾಠ

ಸಡ್ಬರಿಗೆ ಹೋಗುವ ಮೊದಲು ಒಂದು ಕ್ಷಣ ಬ್ರಿಟನ್ನಿನಲ್ಲಿ ನಿಲ್ಲೋಣ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಸಾಬೂನು, ಗಾಜು, ಬಟ್ಟೆಯ ಉದ್ಯಮಗಳಿಗೆ ಸೋಡಾ ಬೇಕಾಗಿತ್ತು. ಉಪ್ಪಿನಿಂದ ಸೋಡಾ ತಯಾರಿಸುವ ಕಾರ್ಖಾನೆಗಳು ಎದ್ದವು. ಆ ಕ್ರಿಯೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಹೊರಬೀಳುತ್ತಿತ್ತು. ಸುತ್ತಲಿನ ಬೇಲಿಯ ಗಿಡ, ಹೊಲದ ಪೈರು ಸುಟ್ಟುಹೋದವು. ರೈತರು ನ್ಯಾಯಾಲಯಕ್ಕೆ ಹೋದರು. ಕಾರ್ಖಾನೆಗಳವರು ಕಂಡುಕೊಂಡ ಉಪಾಯ ಚಿಮಣಿಯನ್ನು ಎತ್ತರಿಸುವುದು. ಗ್ಲಾಸ್ಗೋ ನಗರದ ಸೇಂಟ್ ರೊಲಾಕ್ಸ್ ಕಾರ್ಖಾನೆಯಲ್ಲಿ 1842ರಲ್ಲಿ ಸುಮಾರು 435 ಅಡಿ ಎತ್ತರದ ಚಿಮಣಿ ನಿಂತಿತು. ಹತ್ತಿರದ ಹೊಲಕ್ಕೆ ಬೀಳುತ್ತಿದ್ದ ಆಮ್ಲ ದೂರದ ಹೊಲಕ್ಕೆ ಬೀಳತೊಡಗಿತು, ಅಷ್ಟೆ.

ನಿಜವಾದ ಉಪಾಯ ಅಷ್ಟರಲ್ಲಾಗಲೇ ಗೊತ್ತಿತ್ತು. ವಿಲಿಯಂ ಗಾಸೇಜ್ ಎಂಬಾತ 1836ರಲ್ಲಿಯೇ ಒಂದು ಗೋಪುರದಲ್ಲಿ ನೀರು ಜಿನುಗಿಸಿ, ಕೆಳಗಿನಿಂದ ಆವಿಯನ್ನು ಬಿಟ್ಟು, ಆಮ್ಲವನ್ನು ನೀರಿನಲ್ಲಿ ಹಿಡಿಯುವುದನ್ನು ತೋರಿಸಿದ್ದ. ಆದರೆ ಖರ್ಚಿನ ಮಾತು ಬಂದಾಗ ಯಾರಿಗೂ ಅವಸರವಿರಲಿಲ್ಲ. 1863ರಲ್ಲಿ ಬ್ರಿಟಿಷ್ ಸಂಸತ್ತು ಆಲ್ಕಲಿ ಕಾಯಿದೆಯನ್ನು ತಂದು, ಈ ಆವಿಯ ನೂರಕ್ಕೆ 95 ಭಾಗವನ್ನು ಹಿಡಿಯಲೇಬೇಕು ಎಂದು ಕಟ್ಟುಮಾಡಿತು. ಕಾರ್ಖಾನೆಗಳು ಮುಚ್ಚಲಿಲ್ಲ. ಹಿಡಿದ ಆಮ್ಲದಿಂದ ಬಟ್ಟೆ ಬಿಳುಪಾಗಿಸುವ ಬ್ಲೀಚಿಂಗ್ ಪೌಡರಿಗೆ ಬೇಕಾದ ಕ್ಲೋರಿನ್ ತೆಗೆಯಬಹುದೆಂದು ಮುಂದೆ ಅವರಿಗೇ ಅರಿವಾಯಿತು.

ಆ ಕಾಯಿದೆಯ ಮೊದಲ ತನಿಖಾಧಿಕಾರಿ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ. ಮ್ಯಾಂಚೆಸ್ಟರಿನ ಮಳೆನೀರನ್ನು ಹಿಡಿದು ಪರೀಕ್ಷಿಸಿ, ಊರೊಳಗಿನ ಮಳೆಯಲ್ಲಿ ಗಂಧಕಾಮ್ಲವಿದೆ, ದೂರ ಹೋದಂತೆ ಅದು ಕಡಿಮೆಯಾಗುತ್ತದೆ ಎಂದು 1852ರಲ್ಲಿಯೇ ತಿಳಿಸಿದವನು. 'ಆಮ್ಲಮಳೆ' ಎಂಬ ಮಾತು ಅವನ 1872ರ ಗ್ರಂಥದಲ್ಲಿ ಬರುತ್ತದೆ. ಎತ್ತರಿಸಿದರೆ ಸಾಲದು, ಹಿಡಿಯಬೇಕು ಎಂಬ ಪಾಠ ಹೀಗೆ ಒಂದೂವರೆ ಶತಮಾನದ ಹಿಂದೆಯೇ ಕಾಯಿದೆಯಲ್ಲಿ ಬರೆಯಲ್ಪಟ್ಟಿತ್ತು. ಅದನ್ನು ಜಗತ್ತು ಬಹುಬೇಗ ಮರೆಯಿತು.

ಕಪ್ಪು ಬಂಡೆಗಳ ಊರು

ಈಗ ಸಡ್ಬರಿಗೆ ಬರೋಣ. ಸುಮಾರು 185 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ಒಂದು ಭಾರೀ ಕಾಯದ ಪೆಟ್ಟಿನಿಂದ ಉಂಟಾದ ನೆಲ ಅದು. ಆ ಪೆಟ್ಟಿನ ಫಲವಾಗಿಯೇ ಅಲ್ಲಿ ನಿಕ್ಕಲ್ ಮತ್ತು ತಾಮ್ರದ ಅದಿರು ಶೇಖರವಾಗಿದೆ. 1883ರಲ್ಲಿ ರೈಲು ಹಳಿ ಹಾಕುವಾಗ ಈ ಅದಿರು ಕಣ್ಣಿಗೆ ಬಿತ್ತು. ಅದಿರಿನಲ್ಲಿ ಲೋಹದ ಜೊತೆಗೆ ಗಂಧಕವೂ ಧಾರಾಳವಾಗಿತ್ತು. ಲೋಹ ಬೇಕಾದರೆ ಗಂಧಕವನ್ನು ಸುಟ್ಟು ಕಳೆಯಬೇಕು.

ಮೊದಲ ನಲವತ್ತು ವರ್ಷ ಈ ಸುಡುವ ಕೆಲಸ ಬಯಲಿನಲ್ಲೇ ನಡೆಯಿತು. ಸುತ್ತಲಿನ ಕಾಡು ಕಡಿದು ಸೌದೆಯ ಹಾಸು ಮಾಡಿ, ಅದರ ಮೇಲೆ ಅದಿರನ್ನು ರಾಶಿ ಹಾಕಿ ಬೆಂಕಿ ಇಡುತ್ತಿದ್ದರು. ರಾಶಿ ತಿಂಗಳುಗಟ್ಟಲೆ ಬೇಯುತ್ತಿತ್ತು. ಗಂಧಕದ ಹೊಗೆ ನೆಲದ ಮಟ್ಟದಲ್ಲೇ ತೆವಳುತ್ತಿತ್ತು. ರೈತರು ದೂರು ಕೊಟ್ಟರು. ನ್ಯಾಯಾಲಯ ಗಣಿ ಉದ್ಯಮವನ್ನು ನಿಲ್ಲಿಸಲು ಒಪ್ಪಲಿಲ್ಲ. 1921ರಲ್ಲಿ ಸರ್ಕಾರ ಒಂದು ಶಾಸನ ಮಾಡಿತು. ಹೊಗೆಯಿಂದಾದ ಬೆಳೆ ನಷ್ಟವನ್ನು ಮಧ್ಯಸ್ಥಗಾರನೊಬ್ಬ ಲೆಕ್ಕ ಹಾಕಿ ಪರಿಹಾರ ಕೊಡಿಸುವ ಏರ್ಪಾಟು ಅದು. ಪೈರಿಗೆ ಬೆಲೆ ಕಟ್ಟಿದರು. ಮಣ್ಣಿಗೆ ಯಾರೂ ಬೆಲೆ ಕಟ್ಟಲಿಲ್ಲ.

ಮಣ್ಣಿಗೆ ಆದದ್ದೇನು? ಗಂಧಕ ಉರಿದಾಗ ಗಂಧಕದ ಡೈಆಕ್ಸೈಡ್ ಎಂಬ ಅನಿಲವಾಗುತ್ತದೆ. ಅದು ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಒಳಹೊಕ್ಕು ಎಲೆಯನ್ನು ಸುಡುತ್ತದೆ. ಗಾಳಿಯ ತೇವದೊಡನೆ ಸೇರಿ ಗಂಧಕಾಮ್ಲವಾಗಿ ನೆಲಕ್ಕಿಳಿಯುತ್ತದೆ. ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಈ ಆಮ್ಲ ತೊಳೆದು ಒಯ್ಯುತ್ತದೆ. ಜೇಡಿಯಲ್ಲಿ ಬಂಧಿತವಾಗಿದ್ದ ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ವಿಷವಾಗುತ್ತದೆ. ಸಡ್ಬರಿಯಲ್ಲಿ ಇದರ ಜೊತೆಗೆ ಕುಲುಮೆಗಳಿಂದ ಹಾರಿ ಬಂದ ತಾಮ್ರ, ನಿಕ್ಕಲ್ ಕಣಗಳೂ ನೆಲದಲ್ಲಿ ಸೇರಿದವು. ಮರ ಸತ್ತಿತು, ಬೇರು ಸತ್ತಿತು, ಬೇರು ಹಿಡಿದಿಟ್ಟಿದ್ದ ಮಣ್ಣು ಮಳೆಗೆ ಕೊಚ್ಚಿಹೋಯಿತು. ಉಳಿದದ್ದು ಹೊಗೆಯಿಂದ ಕಪ್ಪಾದ ಬರಿಯ ಬಂಡೆ. ಹೀಗೆ ಪೂರ್ತಿ ಬೋಳಾದ ನೆಲವೇ ಸುಮಾರು 17 ಸಾವಿರ ಹೆಕ್ಟೇರ್. ಅದರ ಸುತ್ತ ಅರೆಬೋಳಾದ ನೆಲ ಇನ್ನೂ ಹಲವು ಪಟ್ಟು.

1971 ಮತ್ತು 1972ರಲ್ಲಿ ಅಪೊಲೊ ಗಗನಯಾತ್ರಿಗಳು ಸಡ್ಬರಿಗೆ ತರಬೇತಿಗೆ ಬಂದರು. ಉಲ್ಕಾಪಾತದಿಂದ ಸಿಡಿದ ಬಂಡೆಗಳನ್ನು ಗುರುತಿಸಲು ಕಲಿಯುವುದು ಅವರ ಉದ್ದೇಶವಾಗಿತ್ತು. ಆದರೆ ಜನ ನಂಬಿದ್ದೇ ಬೇರೆ. "ನಮ್ಮ ಊರು ಚಂದ್ರನಂತೆ ಬೋಳಾಗಿದೆ, ಅದಕ್ಕೇ ಬಂದಿದ್ದಾರೆ" ಎಂಬ ಮಾತು ಹಬ್ಬಿತು. ಊರಿನ ಬಗ್ಗೆ ಅಂಥ ಮಾತನ್ನು ಯಾರೂ ಸುಲಭವಾಗಿ ನಂಬುವ ಸ್ಥಿತಿ ಬಂದಿತ್ತೆಂಬುದೇ ಮುಖ್ಯ.

ಸುಂದರವಾಗಿ ಸತ್ತ ನೀರು

ಊರಿನ ಸುತ್ತ ಆದದ್ದು ಕಣ್ಣಿಗೆ ಕಾಣುವಂಥದು. ದೂರದಲ್ಲಿ ಆಗುತ್ತಿದ್ದುದು ಕಾಣುತ್ತಿರಲಿಲ್ಲ.

ಸಡ್ಬರಿಯ ನೈರುತ್ಯಕ್ಕೆ ಕಿಲಾರ್ನಿ ಎಂಬ ಬೆಟ್ಟ ಪ್ರದೇಶವಿದೆ. ಬಿಳಿಯ ಸ್ಫಟಿಕಶಿಲೆಯ ಬೆಟ್ಟಗಳು, ನಡುವೆ ಸರೋವರಗಳು. ಕೆನಡಾದ ಚಿತ್ರಕಾರರಿಗೆ ಅದು ಪ್ರಿಯವಾದ ತಾಣ. 1930ರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಸರೋವರದ ದಡದ ಕಾಡನ್ನು ಕಡಿಯುತ್ತಾರೆಂದು ತಿಳಿದಾಗ ಎ.ವೈ. ಜಾಕ್ಸನ್ ಎಂಬ ಪ್ರಸಿದ್ಧ ಚಿತ್ರಕಾರ ಸರ್ಕಾರಕ್ಕೆ ಬರೆದು, ಕಲಾವಿದರ ಸಂಘದ ಬೆಂಬಲ ಪಡೆದು, ಕಾಡನ್ನು ಉಳಿಸಿದ. ಆ ಸರೋವರಕ್ಕೆ ಕಲಾವಿದರ ಸಂಘದ ಹೆಸರನ್ನೇ ಇಟ್ಟರು. ಕೊಡಲಿಯನ್ನು ತಡೆದದ್ದಾಯಿತು. ಆದರೆ ಗಾಳಿಯಲ್ಲಿ ಬಂದ ಆಮ್ಲವನ್ನು ತಡೆಯುವವರು ಇರಲಿಲ್ಲ. ಸುಣ್ಣದ ಅಂಶವಿಲ್ಲದ ಆ ಬಿಳಿಯ ಬಂಡೆಗೆ ಆಮ್ಲವನ್ನು ತಣಿಸುವ ಶಕ್ತಿಯೂ ಇರಲಿಲ್ಲ.

1966ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಹೆರಾಲ್ಡ್ ಹಾರ್ವಿ ಎಂಬ ವಿಜ್ಞಾನಿ ಅದೇ ಪ್ರದೇಶದ ಲಮ್ಸ್‌ಡೆನ್ ಸರೋವರದಲ್ಲಿ ಸಾಲ್ಮನ್ ಮೀನಿನ ಮರಿಗಳನ್ನು ಬಿಟ್ಟರು. ಮರುವರ್ಷ ಹೋಗಿ ನೋಡಿದರೆ ಒಂದೂ ಇರಲಿಲ್ಲ. ಹುಡುಕುತ್ತಾ ಹೋದಂತೆ ಅಲ್ಲಿನ ಸಹಜ ಮೀನುಗಳೂ ಒಂದೊಂದಾಗಿ ಇಲ್ಲವಾಗುತ್ತಿರುವುದು ತಿಳಿಯಿತು. ಹಾರ್ವಿ ಮತ್ತು ಅವರ ವಿದ್ಯಾರ್ಥಿ ರಿಚರ್ಡ್ ಬೀಮಿಷ್ 1972ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಕಾರಣ ಆಮ್ಲವೆಂದು ತೋರಿಸಿತು.

ಇಲ್ಲೊಂದು ವಿಚಿತ್ರವಿದೆ. ಆಮ್ಲದಿಂದ ಸತ್ತ ಸರೋವರ ಕೊಳೆತು ನಾರುವುದಿಲ್ಲ. ಅದು ಇನ್ನಷ್ಟು ತಿಳಿಯಾಗುತ್ತದೆ, ನೀಲಿಯಾಗುತ್ತದೆ, ತಳದ ಕಲ್ಲು ಕಾಣುತ್ತದೆ. ನೋಡಿದವರು "ಎಷ್ಟು ಶುದ್ಧ ನೀರು!" ಎನ್ನಬೇಕು. ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ 1976ರಿಂದ ವಾಯವ್ಯ ಒಂಟಾರಿಯೊದ ಒಂದು ಪ್ರಯೋಗ ಸರೋವರಕ್ಕೆ ವರ್ಷವರ್ಷವೂ ಗಂಧಕಾಮ್ಲ ಸೇರಿಸಿ ಪರೀಕ್ಷಿಸಿದರು. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 6.8 ಇದ್ದ ನೀರನ್ನು ನಿಧಾನವಾಗಿ 5ರ ಮಟ್ಟಕ್ಕೆ ತಂದರು. ಈ ಮಾನದಲ್ಲಿ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ದೊಡ್ಡ ಮೀನುಗಳು ಕೂಡಲೇ ಸಾಯಲಿಲ್ಲ. ಮೊದಲು ಸೀಗಡಿಯ ಜಾತಿಯ ಸಣ್ಣ ಜೀವಿಗಳು ಹೋದವು, ಪುಟ್ಟ ಮೀನುಗಳು ಹೋದವು, ದೊಡ್ಡ ಮೀನುಗಳು ಮರಿ ಮಾಡುವುದನ್ನು ನಿಲ್ಲಿಸಿದವು. ಕೊನೆಗೆ ಅವು ತಿನ್ನಲು ಏನೂ ಸಿಗದೆ ಬಡಕಲಾದವು. ಆಮ್ಲ ಅವನ್ನು ನೇರವಾಗಿ ಕೊಲ್ಲಲಿಲ್ಲ, ಅವುಗಳ ಊಟವನ್ನು ಕಿತ್ತುಕೊಂಡಿತು.

ಜೋಗಕ್ಕಿಂತ ಎತ್ತರ

ಇದೆಲ್ಲ ಹೊರಬೀಳುತ್ತಿದ್ದ ಕಾಲದಲ್ಲಿಯೇ ಸಡ್ಬರಿಯಲ್ಲಿ ಹೊಸ ಚಿಮಣಿ ಏಳುತ್ತಿತ್ತು. 1960ರ ದಶಕದಲ್ಲಿ ಅಲ್ಲಿನ ಕುಲುಮೆಗಳಿಂದ ವರ್ಷಕ್ಕೆ 20 ಲಕ್ಷ ಟನ್ನಿಗೂ ಹೆಚ್ಚು ಗಂಧಕದ ಡೈಆಕ್ಸೈಡ್ ಹೊರಬರುತ್ತಿತ್ತು. ಊರಿನ ಗಾಳಿ ಸುಧಾರಿಸಬೇಕೆಂದು ಪ್ರಾಂತೀಯ ಸರ್ಕಾರ ಪಟ್ಟು ಹಿಡಿಯಿತು. ಇಂಕೊ ಎಂಬ ನಿಕ್ಕಲ್ ಕಂಪನಿ 381 ಮೀಟರ್ ಎತ್ತರದ 'ಸೂಪರ್‌ಸ್ಟ್ಯಾಕ್' ಕಟ್ಟಿ 1972ರಲ್ಲಿ ಬಳಕೆಗೆ ತಂದಿತು. ನಮ್ಮ ಜೋಗದ ಎತ್ತರ 253 ಮೀಟರ್. ಅದರ ಒಂದೂವರೆ ಪಟ್ಟು ಎತ್ತರದ ಹೊಗೆಕೊಳವೆ! ಮುಂದೆ ಹಲವು ವರ್ಷ ಅದೇ ಜಗತ್ತಿನಲ್ಲಿ ಅತಿ ಎತ್ತರದ ಚಿಮಣಿಯಾಗಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಅದರಿಂದ ಊರಿಗೆ ಉಪಕಾರವಾಯಿತು. ಗಂಟಲು ಸುಡುವ ಹೊಗೆ ಕಡಿಮೆಯಾಯಿತು, ಹಿತ್ತಲಲ್ಲಿ ಗಿಡ ಬೆಳೆಯತೊಡಗಿತು. ಆದರೆ ಎತ್ತರಕ್ಕೆ ಹೋದ ಅನಿಲ ದಿನಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಅಷ್ಟು ಹೊತ್ತು ಸಿಕ್ಕರೆ ಅದು ಗಂಧಕಾಮ್ಲವಾಗಿ, ಸಲ್ಫೇಟಿನ ನವಿರು ಕಣಗಳಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಸಡ್ಬರಿಯ ಹೊಗೆಯಿಂದ ಪೆಟ್ಟು ತಿಂದ ಸರೋವರಗಳು ಸುಮಾರು 7 ಸಾವಿರ ಎಂದು ಆಮೇಲೆ ಅಂದಾಜು ಮಾಡಿದರು.

ಚಿಮಣಿ ಹೊಗೆಯಾಡಲು ಆರಂಭಿಸಿದ 1972ರಲ್ಲಿಯೇ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಮೊದಲ ಪರಿಸರ ಸಮ್ಮೇಳನ ನಡೆಯಿತು. ಬ್ರಿಟನ್, ಜರ್ಮನಿಗಳ ಎತ್ತರದ ಚಿಮಣಿಗಳಿಂದ ಬಂದ ಆಮ್ಲ ತನ್ನ ಸರೋವರಗಳನ್ನು ಹಾಳು ಮಾಡುತ್ತಿದೆ ಎಂದು ಸ್ವೀಡನ್ ಅಲ್ಲಿ ಅಹವಾಲು ಮಂಡಿಸಿತು. ಅದಕ್ಕೆ ಐದು ವರ್ಷ ಮೊದಲು, 1967ರಲ್ಲಿ, ಸ್ವಾಂಟೆ ಒಡೆನ್ ಎಂಬ ಮಣ್ಣುವಿಜ್ಞಾನಿ ಈ ಸಂಗತಿಯನ್ನು ಬಯಲಿಗೆ ತಂದದ್ದು ಒಂದು ದಿನಪತ್ರಿಕೆಯ ಲೇಖನದಲ್ಲಿ. ಯುರೋಪಿನ ದೇಶಗಳ ನಡುವೆ ರಾಸಾಯನಿಕ ಯುದ್ಧ ನಡೆಯುತ್ತಿದೆ ಎಂದು ಅವರು ಎಚ್ಚರಿಸಿದರು. 1979ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದವಾಯಿತು.

ಸುಣ್ಣದ ಚೀಲ ಹೊತ್ತವರು

ಸಡ್ಬರಿಯಲ್ಲಿ ತಿರುವು ಬಂದದ್ದು ಎರಡು ಕಡೆಯಿಂದ. ಮೊದಲನೆಯದು ಹೊಗೆಯನ್ನು ಹಿಡಿದದ್ದು. 1985ರಲ್ಲಿ ಒಂಟಾರಿಯೊ ಸರ್ಕಾರ, 1994ರೊಳಗೆ ವರ್ಷದ ಹೊಗೆಯನ್ನು 2 ಲಕ್ಷ 65 ಸಾವಿರ ಟನ್ನಿಗೆ ಇಳಿಸಬೇಕೆಂದು ಇಂಕೊಗೆ ಆಜ್ಞೆ ಮಾಡಿತು. ಕಂಪನಿ ಗಂಧಕ ಹೆಚ್ಚಿದ್ದು ನಿಕ್ಕಲ್ ಕಡಿಮೆಯಿದ್ದ ಅದಿರಿನ ಭಾಗವನ್ನು ಕುಲುಮೆಗೆ ಹಾಕುವ ಮೊದಲೇ ಬೇರ್ಪಡಿಸಿತು. ಆಮ್ಲಜನಕ ಬಳಸುವ ಹೊಸ ಕುಲುಮೆಗಳನ್ನು ಕಟ್ಟಿತು. ಹೊರಬಂದ ಅನಿಲವನ್ನು ಹಿಡಿದು ಗಂಧಕಾಮ್ಲ ಮಾಡಿ ಮಾರಿತು. ಗಾಸೇಜನ ಗೋಪುರದ ಪಾಠವೇ ಮತ್ತೊಮ್ಮೆ! 1960ರ ದಶಕದ ಹೊಗೆಗೆ ಹೋಲಿಸಿದರೆ ಹತ್ತರಲ್ಲಿ ಒಂಬತ್ತು ಭಾಗ ಕಡಿಮೆಯಾಯಿತು.

ಎರಡನೆಯದು ನೆಲದ ಆರೈಕೆ. ಲಾರೆನ್ಷಿಯನ್ ವಿಶ್ವವಿದ್ಯಾಲಯದ ಕೀತ್ ವಿಂಟರ್‌ಹಾಲ್ಡರ್ ಎಂಬ ಸಸ್ಯವಿಜ್ಞಾನಿ, ಬೋಳು ನೆಲಕ್ಕೆ ಸುಣ್ಣಕಲ್ಲಿನ ಪುಡಿ ಹಾಕಿದರೆ ಬೀಜ ಮೊಳೆಯುತ್ತದೆ ಎಂದು ತೋರಿಸಿಕೊಟ್ಟರು. ಮಲೆನಾಡಿನ ರೈತರಿಗೆ ಇದು ಹೊಸತಲ್ಲ, ಹುಳಿಮಣ್ಣಿಗೆ ಸುಣ್ಣ ಹಾಕುವುದು ಅವರಿಗೆ ಗೊತ್ತೇ ಇದೆ. ಆದರೆ ಅಲ್ಲಿ ಸುಣ್ಣ ಬೇಕಾಗಿದ್ದುದು ತೋಟಕ್ಕಲ್ಲ, ಬೆಟ್ಟಗಳ ಸಾಲಿಗೆ. 1978ರ ಹೊತ್ತಿಗೆ ನಿಕ್ಕಲ್ ವ್ಯಾಪಾರ ಕುಸಿದು ಎಷ್ಟೋ ಜನ ಕೆಲಸ ಕಳೆದುಕೊಂಡಿದ್ದರು. ಆ ವರ್ಷ ವಿದ್ಯಾರ್ಥಿಗಳು, ಕೆಲಸ ಹೋದವರು ಸುಣ್ಣದ ಪುಡಿಯ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿದರು. ಹೆಕ್ಟೇರಿಗೆ 10 ಟನ್ನಿನಂತೆ ಕೈಯಲ್ಲೇ ಚೆಲ್ಲಿದರು. ಗೊಬ್ಬರ ಹಾಕಿ, ಹುಲ್ಲು ಮತ್ತು ದ್ವಿದಳ ಸಸ್ಯಗಳ ಬೀಜ ಬಿತ್ತಿದರು. ಹುಲ್ಲು ಬಂದ ಜಾಗದಲ್ಲಿ ಭೂರ್ಜ ಮರದ ಸಸಿಗಳು ತಾವಾಗಿಯೇ ಹುಟ್ಟಿದವು. ಅನಂತರ ಪೈನ್ ಸಸಿಗಳನ್ನು ನೆಟ್ಟರು. ಆ ಕೆಲಸ ನಿಲ್ಲಲಿಲ್ಲ. 2022ರಲ್ಲಿ ಅಲ್ಲಿ ಒಂದು ಕೋಟಿಯ ಸಸಿಯನ್ನು ನೆಟ್ಟರು. ಆ ದೊಡ್ಡ ಚಿಮಣಿಗೆ 2020ರಲ್ಲಿಯೇ ನಿವೃತ್ತಿಯಾಗಿತ್ತು.

ಸರೋವರಗಳೂ ಚೇತರಿಸಿಕೊಂಡಿವೆ. ಪಿಎಚ್ 4.3ರ ಆಸುಪಾಸಿನಲ್ಲಿದ್ದ ಕ್ಲಿಯರ್‌ವಾಟರ್ ಸರೋವರ 6ನ್ನು ದಾಟಿತು. ಎಲ್ಲಕ್ಕಿಂತ ಕೂದಲೆಳೆಯಲ್ಲಿ ಉಳಿದದ್ದು ಅರೋರಾ ಟ್ರೌಟ್ ಎಂಬ ಮೀನು. ಸಡ್ಬರಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಎರಡು ಸರೋವರಗಳಲ್ಲಿ ಮಾತ್ರ ಇದ್ದ ಈ ಮೀನು 1960ರ ದಶಕದಲ್ಲಿ ಅಲ್ಲಿಂದ ಅಳಿಯಿತು. ಅದೃಷ್ಟವಶಾತ್ 1950ರ ದಶಕದಲ್ಲಿಯೇ ಒಂಬತ್ತು ಮೀನುಗಳನ್ನು ಹಿಡಿದು ಮರಿ ಮಾಡಿಸಲು ಒಯ್ದಿದ್ದರು. ಸರೋವರಕ್ಕೆ ಸುಣ್ಣ ಹಾಕಿ, 1990ರಲ್ಲಿ ಆ ಒಂಬತ್ತರ ವಂಶಜರನ್ನು ಮರಳಿ ಬಿಟ್ಟರು. ಹೀಗೆ ಯಾರೂ ಮುಂಚಿತವಾಗಿ ಹಿಡಿದಿಡದ ಜೀವಿಗಳು ಎಷ್ಟು ಹೋದವೋ ಲೆಕ್ಕವಿಲ್ಲ. ಕೊಚ್ಚಿಹೋದ ಮಣ್ಣು ಅಂತೂ ಮರಳಿ ಬರಲಿಲ್ಲ. ಎಷ್ಟೋ ಕಡೆ ಕಪ್ಪು ಬಂಡೆ ಹಾಗೆಯೇ ಇದೆ.

ನಮ್ಮ ಲೆಕ್ಕ

ಇಷ್ಟು ದೂರದ ಕಥೆ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರಗಳಿಗೆ 220 ಮೀಟರ್, 275 ಮೀಟರ್ ಎತ್ತರದ ಚಿಮಣಿ ಇರಬೇಕೆಂಬ ನಿಯಮ ಹಿಂದಿನಿಂದಲೂ ಇದೆ. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮೊದಲ ಬಾರಿಗೆ ಈ ಸ್ಥಾವರಗಳ ಗಂಧಕದ ಡೈಆಕ್ಸೈಡಿಗೆ ಮಿತಿ ಹಾಕಿತು. ಅಂದರೆ ಹಿಡಿಯಬೇಕು ಎಂದಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ಷರತ್ತು ಏನು ಗೊತ್ತೇ? ಚಿಮಣಿಯ ಎತ್ತರದ ನಿಯಮವನ್ನು ಪಾಲಿಸಬೇಕು.

ಸರ್ಕಾರದ ವಾದದಲ್ಲಿ ಹುರುಳಿಲ್ಲವೆಂದಲ್ಲ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಅನಿಲ ಹಿಡಿಯುವ ಯಂತ್ರಕ್ಕೆ ಖರ್ಚು ಹೆಚ್ಚು, ಅದು ವಿದ್ಯುತ್ ದರಕ್ಕೆ ಸೇರುತ್ತದೆ. ನಮ್ಮ ಗಾಳಿಯ ದೂಳಿನಲ್ಲಿ ಸುಣ್ಣದ ಅಂಶವಿರುವುದರಿಂದ ಮಳೆಯ ಹುಳಿ ಸಾಕಷ್ಟು ತಣಿಯುತ್ತದೆ ಎಂಬುದೂ ನಿಜ. ರಾಯಚೂರು, ಬಳ್ಳಾರಿಯ ಎರೆಭೂಮಿಯಲ್ಲಿ ಸುಣ್ಣದ ಹರಳು ನೀವೇ ನೋಡಿದ್ದೀರಿ. ಆದರೆ ಕರಾವಳಿ, ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣು ಹಾಗಲ್ಲ, ಅದು ಕಿಲಾರ್ನಿಯ ಬಂಡೆಯಂತೆ ಸುಣ್ಣದ ಬಡತನದ್ದು. ಹುಳಿಯನ್ನು ಮಣ್ಣು ತಡೆದುಕೊಂಡರೂ ಸಲ್ಫೇಟಿನ ನವಿರು ಕಣಗಳನ್ನು ನಮ್ಮ ಶ್ವಾಸಕೋಶ ತಡೆದುಕೊಳ್ಳುವುದಿಲ್ಲ. ಅವು ಚಿಮಣಿಯ ಬುಡದಲ್ಲಿ ಅಳೆದರೆ ಸಿಗುವುದೂ ಇಲ್ಲ. ದೂರದ ಊರಿನಲ್ಲಿ ಸಿಗುತ್ತವೆ.

ಹಾಗಾದರೆ ನಮ್ಮಂಥವರು ಮಾಡುವುದೇನು? ನೋಡಲು ಕಲಿಯುವುದು ಮೊದಲ ಕೆಲಸ. ನಿಮ್ಮ ತಾಯಂದಿರು ಮಸಾಲೆಗೆ ಹಾಕುವ ಕಲ್ಲುಹೂವು ನಿಮಗೆ ಗೊತ್ತು. ಬೇರಿಲ್ಲದೆ ಗಾಳಿಯಿಂದಲೇ ಆಹಾರ ಹೀರುವ ಈ ಜಾತಿ ಗಂಧಕದ ಹೊಗೆಗೆ ಎಲ್ಲಕ್ಕಿಂತ ಮೊದಲು ಬಲಿಯಾಗುತ್ತದೆ. ಪ್ಯಾರಿಸ್ಸಿನ ಉದ್ಯಾನವೊಂದರ ಮರಗಳಲ್ಲಿ ಕಲ್ಲುಹೂವು ಕಡಿಮೆಯಾಗುತ್ತಿರುವುದನ್ನು ನೋಡಿ, ಇದು ಗಾಳಿ ಕೆಟ್ಟದ್ದರ ಗುರುತೆಂದು ನೈಲಾಂಡರ್ ಎಂಬ ಸಸ್ಯವಿಜ್ಞಾನಿ 1866ರಲ್ಲಿಯೇ ಹೇಳಿದ್ದ. ಯಂತ್ರವಿಲ್ಲದ ಊರಿನಲ್ಲೂ ಮರದ ತೊಗಟೆಯನ್ನು ವರ್ಷವರ್ಷವೂ ನೋಡಿ ಬರೆದಿಡಬಹುದು.

ಎರಡನೆಯದು, ಸರಿಯಾದ ಪ್ರಶ್ನೆ ಕೇಳುವುದು. ಊರಿಗೆ ಹೊಸ ಕಾರ್ಖಾನೆ ಬಂದಾಗ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತಾರೆ. ಅಲ್ಲಿ ನಕ್ಷೆ ತೋರಿಸುತ್ತಾ, "ಚಿಂತೆ ಬೇಡ, ಚಿಮಣಿ ತುಂಬಾ ಎತ್ತರವಾಗಿದೆ" ಎಂದು ಹೇಳಿದರೆ ಅಷ್ಟಕ್ಕೆ ತಲೆಯಾಡಿಸಿ ಬರಬೇಡಿ. ಒಳಗೆ ಹೋಗುವ ಗಂಧಕ ಎಷ್ಟು ಟನ್, ಅದರಲ್ಲಿ ಹಿಡಿಯುವುದು ಎಷ್ಟು, ಮೇಲಕ್ಕೆ ಬಿಡುವುದು ಎಷ್ಟು ಎಂದು ಕೇಳಿ. ಬಿಟ್ಟದ್ದು ಯಾರ ಅಂಗಳದಲ್ಲಿ ಬೀಳುತ್ತದೆ ಎಂದೂ ಕೇಳಿ. ಆ ಅಂಗಳದವರು ಸಭೆಯಲ್ಲಿ ಇರುವುದಿಲ್ಲ. ಅವರ ಪರವಾಗಿ ನೀವೇ ಕೇಳಬೇಕು.